ಖಾಲಿ ರಸ್ತೆಗೆ ಹಸಿರು ಏಕೆ? – ಸಂಪಾದಕರ ಉತ್ತರ

ಮಾನ್ಯರೇ,

ವಾಹನಗಳ ದಟ್ಟಣೆ ನೋಡಿ ತಾವೇ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್‌ಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರದಲ್ಲಿ ಸಿಟ್ಟು ಚೆನ್ನಾಗಿ ಕುದಿದಿದೆ. ರಾತ್ರಿ ಹನ್ನೊಂದಕ್ಕೆ ಅಡ್ಡರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ, ಆದರೂ ಹಸಿರು ಅದಕ್ಕೇ. ನಿಮ್ಮ ದ್ವಿಚಕ್ರ ವಾಹನ ಎಷ್ಟು ಹೊತ್ತು ನಿಂತರೂ ದೀಪದ ಕಂಬಕ್ಕೆ ಕರುಣೆ ಬರುವುದಿಲ್ಲ. ಸಂಜೆಯ ಹೊತ್ತಿನಲ್ಲಂತೂ ಈ ವ್ಯವಸ್ಥೆ ಇದ್ದೂ ಇಲ್ಲದಂತೆ. ‘ಹಸಿರನ್ನು ಇನ್ನಷ್ಟು ಉದ್ದ ಮಾಡಿದರೆ ಮುಗಿಯಿತಲ್ಲ, ಅದಕ್ಕೆ ಕಂಪ್ಯೂಟರ್ ಏಕೆ?’ ಎಂದು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ರಸ್ತೆಯಡಿಯ ಸಂವೇದಕ ವಾಹನದ ಭಾರವನ್ನು ಅರಿಯುತ್ತದೆ ಎಂದು ಆ ಲೇಖನದಲ್ಲಿ ಅಚ್ಚಾಗಿತ್ತು. ಅದನ್ನು ತಿದ್ದದೆ ಬಿಟ್ಟವನು ನಾನೇ. ಡಾಂಬರನ್ನು ಕೊರೆದು ಹೂತಿರುವುದು ವಿದ್ಯುತ್ ಹರಿಯುವ ತಂತಿಯ ಸುರುಳಿ. ಲೋಹ ಅದರ ಮೇಲೆ ಬಂದಾಗ ಸುರುಳಿಯ ಪ್ರೇರಕತೆ, ಅಂದರೆ ವಿದ್ಯುತ್ ಪ್ರವಾಹದ ಏರಿಳಿತವನ್ನು ತಡೆಯುವ ಗುಣ, ಬದಲಾಗುತ್ತದೆ, ಆ ಬದಲಾವಣೆಯಿಂದಲೇ ವಾಹನ ಬಂದಿತೆಂದು ತಿಳಿಯುವುದು. ಕಾರಿನ ತಳ ಅಗಲ, ಅದನ್ನು ಗುರುತಿಸುವುದು ಸುಲಭ. ನಿಮ್ಮ ವಾಹನ ಸುರುಳಿಯ ನಟ್ಟನಡುವೆ ನಿಂತರೆ ಅದರ ಕಣ್ಣಿಗೇ ಬೀಳದಿರಬಹುದು. ರಸ್ತೆಯ ಮೇಲೆ ಕೊರೆದ ಗೆರೆ ಕಾಣುತ್ತಿದ್ದರೆ ಚಕ್ರಗಳನ್ನು ಆ ಗೆರೆಯ ಮೇಲೆಯೇ ನಿಲ್ಲಿಸಿ ನೋಡಿ. ಸುರುಳಿಯ ಬದಲು ಕ್ಯಾಮೆರಾ ಅಥವಾ ರೇಡಾರ್ ಇರುವಲ್ಲಿ ಮಾತ್ರ ಈ ಉಪಾಯ ನಡೆಯದು.

ಖಾಲಿ ರಸ್ತೆಯ ಹಸಿರಿಗೂ ಬಹುಶಃ ಇದೇ ತಂತಿ ಕಾರಣ. ಸುರುಳಿ ಕೆಟ್ಟಾಗ ‘ಇಲ್ಲಿ ಯಾರೂ ಇಲ್ಲ’ ಎಂದುಕೊಂಡರೆ ಆ ದಿಕ್ಕಿನವರು ಬೆಳಗಿನವರೆಗೂ ನಿಲ್ಲಬೇಕಾದೀತು. ಆದ್ದರಿಂದ ‘ಇಲ್ಲಿ ಸದಾ ವಾಹನವಿದೆ’ ಎಂದು ಭಾವಿಸುವಂತೆ ದೀಪ ಬದಲಿಸುವ ನಿಯಂತ್ರಕವನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಕುರುಡನಾದವನು ಎಲ್ಲರಿಗೂ ಕೈಮುಗಿಯುತ್ತಾ ಕೂತಂತೆ! ನಿಮ್ಮ ಸಿಟ್ಟು ಇಲ್ಲಿ ಪೂರ್ತಿ ನ್ಯಾಯವಾದದ್ದು. ಇಂಥ ವ್ಯವಸ್ಥೆಯನ್ನು ಉದ್ಘಾಟಿಸುವಾಗ ಇರುವ ಹುರುಪು ತಂತಿ ತುಂಡಾದಾಗ ಇರುವುದಿಲ್ಲ. ರಸ್ತೆ ಅಗೆಯುವವರ ಗುದ್ದಲಿಗೆ ಆ ತಂತಿ ಸಿಗುವುದೂ ಅಪರೂಪವಲ್ಲ. ರಾತ್ರಿಯ ಕಾಯುವಿಕೆ ರಿಪೇರಿಯಿಂದ ಹೋಗುವಂಥದ್ದು.

ಸಂಜೆಯದು ಬೇರೆ ಕಥೆ. ನಾಲ್ಕು ದಿಕ್ಕಿಗೂ ಸರದಿಯಂತೆ ಹಸಿರು ಕೊಡುವ ಜಾಗವನ್ನು ನೆನೆದುಕೊಳ್ಳಿ. ಮುಂದಿನವನು ಹೊರಡಲು ಮಾಡುವ ತಡ, ಎಲ್ಲ ಕಡೆಯೂ ಕೆಂಪಿರುವ ಕ್ಷಣ ಎಲ್ಲ ಸೇರಿ ಪ್ರತಿ ಸರದಿಯಲ್ಲಿ ಸುಮಾರು 4 ಸೆಕೆಂಡು ಯಾರಿಗೂ ದಕ್ಕದೆ ಹೋಗುತ್ತದೆ. ಒಂದು ಸುತ್ತಿಗೆ 16. ಸುತ್ತು 60 ಸೆಕೆಂಡಿನದಾದರೆ ಕೆಲಸಕ್ಕೆ ಬರುವುದು ಶೇ 73ರಷ್ಟು, 120 ಆದರೆ ಶೇ 87. ಇಲ್ಲಿಯವರೆಗೆ ನಿಮ್ಮ ವಾದ ಗೆಲ್ಲುತ್ತದೆ. ಆದರೆ 180ಕ್ಕೆ ಏರಿಸಿದರೆ ಸಿಗುವುದು ಶೇ 91 ಮಾತ್ರ. ಆ ಚಿಲ್ಲರೆ ಲಾಭಕ್ಕಾಗಿ, ಸರಿಸಮವಾಗಿ ಹಂಚಿದರೂ, ನಿಮ್ಮ ಕೆಂಪು ಸುಮಾರು 90 ಸೆಕೆಂಡಿನಿಂದ 135ಕ್ಕೆ ಬೆಳೆಯುತ್ತದೆ. ಅಷ್ಟು ಹೊತ್ತು ಯಾವ ಪಾದಚಾರಿಯೂ ತಾಳುವುದಿಲ್ಲ, ಸಂದು ಸಿಕ್ಕಲ್ಲಿ ಓಡುತ್ತಾನೆ.

1958ರಲ್ಲಿ ಬ್ರಿಟನ್ನಿನ ಸಂಚಾರ ಸಂಶೋಧಕ ಎಫ್.ವಿ. ವೆಬ್‌ಸ್ಟರ್ ಈ ಜಗ್ಗಾಟಕ್ಕೊಂದು ಸೂತ್ರ ಕೊಟ್ಟರು. ಪೋಲಾಗುವ ಸಮಯದ ಒಂದೂವರೆ ಪಟ್ಟಿಗೆ 5 ಸೇರಿಸಿ, ರಸ್ತೆಯ ಸಾಮರ್ಥ್ಯದಲ್ಲಿ ಬರುವ ವಾಹನಗಳ ಬೇಡಿಕೆ ಕಳೆದು ಉಳಿದ ಪಾಲಿನಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಬೇಡಿಕೆ ಶೇ 70 ಇದ್ದರೆ ಸುತ್ತು ಸುಮಾರು 97 ಸೆಕೆಂಡು ಇರಬೇಕು; ಶೇ 90 ಆದಾಗ 290. ಬೇಡಿಕೆ ಸಾಮರ್ಥ್ಯವನ್ನೇ ಮುಟ್ಟಿದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಸೂತ್ರವೇ ಕೈಚೆಲ್ಲುತ್ತದೆ. ನಿಮ್ಮ ಸಂಜೆ ಇರುವುದು ಅಲ್ಲಿಯೇ.

ಹಾಗಾದರೆ ಕಂಪ್ಯೂಟರ್ ಏಕೆ? ಒಂದು ದಿಕ್ಕಿನಲ್ಲಿ ಮಿಕ್ಕಿದ ಹಸಿರನ್ನು ಸಾಕಾಗದ ದಿಕ್ಕಿಗೆ ಕೊಡಲು. 1970ರ ದಶಕದಲ್ಲಿ ಬೆಳೆದ ಎರಡು ವ್ಯವಸ್ಥೆಗಳು ಇದನ್ನು ಬೇರೆ ಬೇರೆ ರೀತಿ ಮಾಡುತ್ತವೆ. ಬ್ರಿಟನ್ನಿನ ಸ್ಕೂಟ್, ಸಿಗ್ನಲ್‌ನಿಂದ ಬಹಳ ದೂರದಲ್ಲೇ ಇಟ್ಟ ಸಂವೇದಕದಿಂದ ಬರುತ್ತಿರುವ ವಾಹನಗಳನ್ನು ಎಣಿಸಿ ಸರದಿಯನ್ನು ಕೆಲವೇ ಸೆಕೆಂಡುಗಳಷ್ಟು ಹಿಂದೆಮುಂದೆ ಮಾಡುತ್ತದೆ. ಸಿಡ್ನಿಯ ಸ್ಕ್ಯಾಟ್ಸ್ ನಿಲುಗಡೆ ಗೆರೆಯ ಬಳಿ ಕೂತು, ಕೊಟ್ಟ ಹಸಿರಿನಲ್ಲಿ ಎಷ್ಟು ಬಳಕೆಯಾಯಿತೆಂದು ಅಳೆದು ಮುಂದಿನ ಸುತ್ತಿಗೆ ಹೊಂದಿಸುತ್ತದೆ. ಎರಡೂ ಹಂಚುವವರೇ, ಬೆಳೆಯುವವರಲ್ಲ. ನಾಲ್ಕೂ ಕಡೆ ಮಿಕ್ಕದ್ದೇನೂ ಇಲ್ಲದಿದ್ದಾಗ ಹಂಚುವವನ ಜಾಣತನ ಎಷ್ಟಿದ್ದರೇನು? ಇದನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ.

ಪತ್ರದ ಅಂಚಿನಲ್ಲಿ ಇನ್ನೊಂದು ಪ್ರಶ್ನೆ ಗೀಚಿದ್ದೀರಿ: ಸೆಕೆಂಡು ಎಣಿಸುವ ಫಲಕ ಇಪ್ಪತ್ತರಿಂದ ಒಮ್ಮೆಲೇ ಎಂಟಕ್ಕೆ ಹಾರುವುದೇಕೆ? ಹಸಿರು ಎಷ್ಟು ಹೊತ್ತು ಇರಬೇಕೆಂದು ಯಂತ್ರವೇ ಇನ್ನೂ ತೀರ್ಮಾನಿಸಿರುವುದಿಲ್ಲ, ಫಲಕ ತೋರಿಸುವುದು ಬರೀ ಅಂದಾಜು. ಇಂಥ ಕಡೆ ಆ ಫಲಕವನ್ನು ಇಳಿಸಿಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪುವುದಿಲ್ಲವೆಂದು ಗೊತ್ತು, ಬರೆಯಿರಿ.

– ಸಂಪಾದಕ