ರಾತ್ರಿ ಇಳಿದ ಮೇಲೆ ಹೋಟೆಲ್‌ಗೆ ಹೇಗೆ?

ಪ್ರಶ್ನೆ: ಮೊದಲ ಸಲ ಒಬ್ಬಳೇ ವಿದೇಶದ ದೊಡ್ಡ ನಗರಕ್ಕೆ ಹೋಗುತ್ತಿದ್ದೇನೆ. ವಿಮಾನ ಇಳಿಯುವುದು ರಾತ್ರಿ 11ಕ್ಕೆ. ಹೋಟೆಲ್ ಊರ ನಡುವೆ ಇದೆ. ರೈಲೋ, ಟ್ಯಾಕ್ಸಿಯೋ?

ಉತ್ತರ: ಟ್ಯಾಕ್ಸಿಯಲ್ಲೇ ಹೋಗಿ. ಹಗಲಾಗಿದ್ದರೆ ರೈಲು ಅನ್ನುತ್ತಿದ್ದೆ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಆದರೆ ಪಾಸ್‌ಪೋರ್ಟ್ ಸಾಲು ದಾಟಿ, ಬ್ಯಾಗ್ ಸಿಕ್ಕಿ ಹೊರಗೆ ಬರುವಾಗ ನಡುರಾತ್ರಿ ಆಗಿರುತ್ತದೆ. ಎಷ್ಟೋ ಕಡೆ ಅಷ್ಟೊತ್ತಿಗೆ ಕೊನೆಯ ರೈಲು ಹೋಗಿರುತ್ತದೆ.

ದೂರ ಎಷ್ಟು ಅಂತ ಮೊದಲೇ ನೋಡಿಕೊಳ್ಳಿ. ಟೋಕಿಯೊದ ನರಿಟಾ ವಿಮಾನ ನಿಲ್ದಾಣ ಊರ ನಡುವಿನಿಂದ ಸುಮಾರು 60 ಕಿ.ಮೀ. ದೂರವಿದೆ. ಅಲ್ಲಿ ಟ್ಯಾಕ್ಸಿ ತುಂಬಾ ದುಬಾರಿ. ಪ್ಯಾರಿಸ್, ನ್ಯೂಯಾರ್ಕ್‌ನಂಥ ಕಡೆ ದೊಡ್ಡ ವಿಮಾನ ನಿಲ್ದಾಣದಿಂದ ಊರ ನಡುವಿಗೆ ಟ್ಯಾಕ್ಸಿಗೆ ನಿಗದಿತ ದರ ಇದೆ, ಚೌಕಾಸಿ ಬೇಕಿಲ್ಲ.

ಒಳಗೇ ಬಂದು ‘ಟ್ಯಾಕ್ಸಿ ಬೇಕಾ’ ಅನ್ನುವವರ ಜೊತೆ ಮಾತ್ರ ಹೋಗಬೇಡಿ. ನಾನೊಮ್ಮೆ ಹೋಗಿದ್ದೆ. ಆತ ನನ್ನ ಬ್ಯಾಗ್ ಎಳೆದುಕೊಂಡು ಪಾರ್ಕಿಂಗ್‌ನ ಮೂರನೇ ಮಹಡಿಗೆ ಕರೆದೊಯ್ದ. ಕಾರಿನಲ್ಲಿ ಮೀಟರ್ ಇರಲಿಲ್ಲ. ಕೊಟ್ಟಿದ್ದು ಮೂರು ಪಟ್ಟು. ಹೊರಗೆ ಟ್ಯಾಕ್ಸಿ ಬೋರ್ಡ್ ಇರುವ ಸಾಲಿನಲ್ಲಿ ಹತ್ತು ನಿಮಿಷ ನಿಂತರೂ ಪರವಾಗಿಲ್ಲ.

ಹೋಟೆಲ್ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಒಂದು ಚೀಟಿಯಲ್ಲಿ ಇಟ್ಟುಕೊಳ್ಳಿ, ಬೀದಿ ಹೆಸರು, ಫೋನ್ ನಂಬರ್ ಸಮೇತ. ಒಂದೇ ಹೆಸರಿನ ಹೋಟೆಲ್ ಒಂದೇ ಊರಲ್ಲಿ ನಾಲ್ಕು ಇರಬಹುದು, ಅಲ್ವಾ? ಮೊಬೈಲ್ ಚಾರ್ಜ್ ಮುಗಿದರೂ ಚೀಟಿ ಕೈಯಲ್ಲಿರುತ್ತದೆ.

ಮತ್ತೆ, ತಡವಾಗಿ ಬರುತ್ತೇನೆ ಅಂತ ಹೋಟೆಲ್‌ಗೆ ಇವತ್ತೇ ತಿಳಿಸಿಬಿಡಿ. ಇಲ್ಲದಿದ್ದರೆ ರೂಮನ್ನು ಬೇರೆಯವರಿಗೆ ಕೊಟ್ಟುಬಿಡುವುದೂ ಉಂಟು.