.303 ಇದ್ದಾಗ .315 ಯಾಕೆ ಬಂತು?

ಬ್ರಿಟಿಷರ ಕಾಲದಲ್ಲಿ .303 ಸೇನೆಯ ತೋಟಾ (ಕಾಡತೂಸು). ಅದನ್ನು ಹಾರಿಸುವ ಬಂದೂಕು ಸಾಮಾನ್ಯ ಜನರ ಕೈಗೆ ಸಿಗಬಾರದು ಅಂತ ಸರ್ಕಾರ ತಡೆದಿತ್ತು. ಅದಕ್ಕೇ ಶಿಕಾರಿಯವರಿಗೆ .315 ಅನ್ನುವ ಬೇರೆ ತೋಟಾ ಬಂತು.

ಭಯ ಇದ್ದದ್ದು ಬಂದೂಕಿಗಿಂತ ತೋಟಾದ ಬಗ್ಗೆ. ಸೇನೆಯ ಉಗ್ರಾಣದಿಂದ ಕದ್ದ .303 ಹೊರಗಿನ ಬಂದೂಕಿಗೆ ಹೊಂದಬಾರದು, ಅಷ್ಟೇ.

ಹೊಸ ತೋಟಾವನ್ನೇನೂ ಹುಟ್ಟಿಸಲಿಲ್ಲ. ಆಸ್ಟ್ರಿಯಾ ಸೇನೆಯ 8 ಮಿ.ಮೀ. ಮನ್ಲಿಷರ್ ತೋಟಾವನ್ನೇ ತೆಗೆದುಕೊಂಡರು. ನಳಿಗೆಯ ಒಳಗಿನ ಅಗಲ 8 ಮಿ.ಮೀ., ಅಂದರೆ ಇಂಚಿನಲ್ಲಿ .315, ಹೆಸರು ಬಂದದ್ದು ಹಾಗೆ. ಎರಡೂ ತೋಟಾಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ: .315ರ ಹಿತ್ತಾಳೆ ಕೋಶದ ಉದ್ದ ಸುಮಾರು 50 ಮಿ.ಮೀ., .303ರದ್ದು 56. ಆದರೆ ಎರಡರ ಬುಡದಲ್ಲೂ ಹೊರಚಾಚಿದ ಅಂಚು ಇದೆ, ಅದರ ಅಗಲವೂ ಹೆಚ್ಚುಕಮ್ಮಿ ಒಂದೇ. ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆ ಹಿಡಿಯುವುದು ಆ ಅಂಚನ್ನೇ. ಹಾಗಾಗಿ .303 ಹಾರಿಸುವ ಸೇನೆಯ ಲೀ-ಎನ್‌ಫೀಲ್ಡ್ ಬಂದೂಕನ್ನೇ ನಳಿಗೆ ಬದಲಿಸಿ ಇದಕ್ಕೆ ಒಗ್ಗಿಸುವುದು ಸುಲಭವಾಯಿತು. ನನಗೆ ತುಂಬಾ ಹಿಡಿಸುವ ಜಾಣತನ ಇದು.

ಸ್ವಾತಂತ್ರ್ಯದ ನಂತರವೂ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ ಮಾಡಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಗೆ ಕಡಿವಾಣ ಬಿತ್ತು. ಈಗ ಲೈಸೆನ್ಸ್ ಇದ್ದವರು ಇದನ್ನು ಇಟ್ಟುಕೊಳ್ಳುವುದು ಜಾಸ್ತಿ ಆತ್ಮರಕ್ಷಣೆಗೆ.