ಮಿಕ್ಸಿ ಅಮೆರಿಕಕ್ಕೆ, ಮ್ಯಾಗ್ನೆಟ್ ಕಾರವಾರಕ್ಕೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ವಿದೇಶಕ್ಕೆ ಹೊರಟವರ ಪತ್ರಗಳೇ ಜಾಸ್ತಿ. ಮಳೆ ಬಿಟ್ಟಿದೆ, ಅಡಿಕೆ ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇದೆ, ಅಷ್ಟರಲ್ಲಿ ಮಗಳ ಮನೆಗೋ ಮಗನ ಮನೆಗೋ ಹೋಗಿಬರುವ ಲೆಕ್ಕಾಚಾರ ಇರಬೇಕು. ನಾನು ಇಪ್ಪತ್ತೆರಡು ವರ್ಷ ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ಕಾರವಾರದ ಮನೆಯಲ್ಲಿ ಕೂತು ಊರವರ ಫ್ಯಾನು ಮಿಕ್ಸಿ ನೋಡಿಕೊಡುತ್ತೇನೆ. ಹಾಗಾಗಿ ಸಂಪಾದಕರು ಈ ಕಟ್ಟನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಹಡಗಿನವನು ಅಂದಮೇಲೆ ಬೇಡದ ಸಾಮಾನು ಹೊತ್ತು ತಂದ ಅನುಭವವೂ ಸಾಕಷ್ಟಿದೆ.

ಶಿರಸಿಯಿಂದ ಓದುಗರೊಬ್ಬರು: ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟಿದ್ದೇನೆ. ಅಲ್ಲಿಯ ಬ್ಲೆಂಡರಿನಲ್ಲಿ ಕಾಯಿ ನುಣ್ಣಗೆ ಆಗುವುದಿಲ್ಲವಂತೆ. ನಮ್ಮ ಮನೆಯ 750 ವ್ಯಾಟ್ ಮಿಕ್ಸಿ ಒಯ್ಯಬಹುದಾ? ಪಿನ್ ಬದಲಿಸುವ ಅಡಾಪ್ಟರ್ ಆಗಲೇ ತಂದಿಟ್ಟಿದ್ದೇನೆ.

ಅಕ್ಕಾ, ಮಿಕ್ಸಿ ಬೇಡ. ಮೊಬೈಲ್ ಚಾರ್ಜರ್ ಬೇಕಾದರೆ ಎರಡು ಒಯ್ಯಿರಿ.

ಚಾರ್ಜರನ್ನು ಕೈಗೆ ತಗೊಂಡು ಹಿಂದೆ ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್ ಅಂತ ಇರುತ್ತದೆ. ಕನ್ನಡಕದಲ್ಲೂ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ನಾನು ಹಾಗೇ ಮಾಡುವುದು. ಹಾಗೆ ಬರೆದಿದ್ದರೆ ಅದು ಯಾವ ದೇಶದಲ್ಲೂ ನಡೆಯುತ್ತದೆ, ಪಿನ್ ಹೊಂದಿದರೆ ಸಾಕು. ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರುಗಳೂ ಸಾಮಾನ್ಯವಾಗಿ ಹೀಗೇ. ಈಗ ಮಿಕ್ಸಿಯನ್ನು ಮಗುಚಿ ನೋಡಿ. ಅಲ್ಲಿ 230 ವೋಲ್ಟ್ ಒಂದೇ ಇರುತ್ತದೆ. ಅಮೆರಿಕದ ಮನೆಗಳ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್. ನೀವು ತಂದಿಟ್ಟ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜನ್ನು ಅದು ಮುಟ್ಟುವುದೂ ಇಲ್ಲ. ಮಿಕ್ಸಿ ಕುಂಯ್ ಅಂತ ತಿರುಗುತ್ತದೆ, ಕಾಯಿ ಹಾಕಿದ ಕೂಡಲೇ ನಿಲ್ಲುತ್ತದೆ, ನಿಂತ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇದ್ದರೆ ಬಿಸಿಯಾಗಿ ಸುಡುತ್ತದೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ ನಿಜ, ಆದರೆ 750 ವ್ಯಾಟಿನ ಮಿಕ್ಸಿ ತಾಳುವಂಥದ್ದು ಮಿಕ್ಸಿಗಿಂತ ಭಾರ ಇರುತ್ತದೆ.

ನಮ್ಮ ಮಿಕ್ಸಿ ಕಂಪನಿಗಳೇ ಅಮೆರಿಕಕ್ಕೆಂದು 110 ವೋಲ್ಟಿನ ಮಿಕ್ಸಿ ಮಾಡುತ್ತವೆ. ಅದನ್ನು ಅಲ್ಲೇ ತರಿಸಿಡಲು ಮಗಳಿಗೆ ಹೇಳಿ. ನೀವು ಹೋಗುವಷ್ಟರಲ್ಲಿ ಬಂದಿರುತ್ತದೆ.

ಕರೆಂಟಿನ ಕೆಟಲ್ ಒಯ್ಯುವ ಆಸೆ ಇದ್ದರೆ ಅದನ್ನೂ ಬಿಡಿ. ಬಿಸಿ ಮಾಡುವ ಸಾಮಾನಿನಲ್ಲಿ ವೋಲ್ಟೇಜ್ ಅರ್ಧವಾದರೆ ಕಾವು ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 1000 ವ್ಯಾಟ್ ಎಳೆಯುವ ಕೆಟಲ್ ಅಲ್ಲಿ ಸುಮಾರು 270 ವ್ಯಾಟ್ ಅಷ್ಟೇ ಎಳೆಯುತ್ತದೆ, ಚಾ ಕುದಿಯುವಷ್ಟರಲ್ಲಿ ಮೊಮ್ಮಗು ಎರಡು ಸಲ ಎದ್ದು ಮಲಗಿರುತ್ತದೆ.

ಇದರ ಉಲ್ಟಾ ಪಾಠ ನಾನು ದುಡ್ಡು ಕೊಟ್ಟು ಕಲಿತವನು. ಹಡಗು ಯೊಕೊಹಾಮಾದಲ್ಲಿ ನಿಂತಾಗ ಆಯಿಗೆ ಅಂತ ಒಂದು ರೈಸ್ ಕುಕ್ಕರ್ ಕೊಂಡೆ. ಬಿಳಿ ಬಣ್ಣ, ಮುಚ್ಚಳದ ಮೇಲೆ ಸಣ್ಣ ಹೂವು. ಊರಿಗೆ ತಂದು, ಕುಚ್ಚಲಕ್ಕಿ ತೊಳೆದು ಹಾಕಿ, ಅಕ್ಕಪಕ್ಕದವರನ್ನೆಲ್ಲ ಕರೆದು, ಸ್ವಿಚ್ ಒತ್ತಿದೆ. ಒಂದು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಟಪ್ ಅಂತ ಒಂದು ಸದ್ದು, ಅಡುಗೆಮನೆ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ. ಜಪಾನಿನಲ್ಲಿ ಮನೆ ಕರೆಂಟ್ 100 ವೋಲ್ಟ್. ನಮ್ಮ 230ಕ್ಕೆ ಹಾಕಿದರೆ ಕಾಯಿಲ್ ಐದು ಪಟ್ಟು ಕಾಯುತ್ತದೆ. ಎಲೆಕ್ಟ್ರಿಷಿಯನ್ನೇ ಬುಡ ತಿರುಗಿಸಿ ನೋಡಲಿಲ್ಲ, ಏನು ಹೇಳೋಣ. ಒಳಗಿನ ಪಾತ್ರೆ ಗಟ್ಟಿ ಇತ್ತು, ಆಯಿ ಅದರಲ್ಲಿ ದೋಸೆಗೆ ಅಕ್ಕಿ ನೆನೆಹಾಕುತ್ತಿದ್ದಳು.

ಕಾರವಾರದ ಕೋಡಿಬಾಗದಿಂದ: ಮಗ ದುಬೈಯಲ್ಲಿದ್ದಾನೆ, ಮೊದಲ ಸಲ ಹೋಗುತ್ತಿದ್ದೇವೆ. ಅಲ್ಲಿ ಫೋನು, ಟಿವಿ ಅಗ್ಗವಂತೆ. ಎಷ್ಟು ತರಬಹುದು? ನಮ್ಮ ಚಾರ್ಜರ್ ಅಲ್ಲಿ ಕೂರುತ್ತದಾ?

ವೋಲ್ಟೇಜಿನ ಚಿಂತೆ ಇಲ್ಲ, ನಮ್ಮದೇ ಮಟ್ಟ. ಪಿನ್ ಮಾತ್ರ ಬೇರೆ. ಅಲ್ಲಿ ಇಂಗ್ಲೆಂಡಿನ ಹಾಗೆ ಚೌಕದ ಮೂರು ಪಿನ್. ಸಿಂಗಪುರ, ಮಲೇಷ್ಯಾದಲ್ಲೂ ಅದೇ. ಆ ಸಾಕೆಟಿನಲ್ಲಿ ಮೇಲಿನ ಅರ್ಥ್ ಪಿನ್ ಒಳಗೆ ಹೋದರೆ ಮಾತ್ರ ಕೆಳಗಿನ ಎರಡು ತೂತಿನ ಬಾಗಿಲು ತೆರೆಯುತ್ತದೆ. ನಮ್ಮವರು ಅಲ್ಲಿ ಪೆನ್ನಿನ ತುದಿಯನ್ನೋ ಚಮಚದ ಹಿಡಿಕೆಯನ್ನೋ ಮೇಲಿನ ತೂತಿಗೆ ತುರುಕಿ ನಮ್ಮ ಎರಡು ಪಿನ್ನಿನ ಚಾರ್ಜರ್ ಒತ್ತುತ್ತಾರೆ, ಹಡಗಿನ ಹುಡುಗರೂ ಇದನ್ನೇ ಮಾಡುತ್ತಿದ್ದರು, ನಾನು ಎಷ್ಟು ಬೈದರೂ ಬಿಡಲಿಲ್ಲ. ಮಾಡಬೇಡಿ ಮಾರಾಯ್ರೆ. ಸಡಿಲ ಕೂತ ಪಿನ್ ಕಿಡಿ ಹಾರಿಸುತ್ತದೆ. ಚಿಕ್ಕ ಅಡಾಪ್ಟರಿಗೆ ದೊಡ್ಡ ದುಡ್ಡೇನೂ ಬೇಕಾಗಿಲ್ಲ, ಹೊರಡುವ ಮೊದಲೇ ಇಲ್ಲಿ ಪೇಟೆಯಲ್ಲಿ ಕೊಂಡುಕೊಳ್ಳಿ.

ಟಿವಿ ಮರೆತುಬಿಡಿ. ಚಪ್ಪಟೆ ಟಿವಿಗೆ 2013ರಿಂದ ಸುಂಕ ಕಟ್ಟಲೇಬೇಕು, ಉಳಿದ ಸಾಮಾನಿಗೆ ಇರುವ ರಿಯಾಯಿತಿಯಲ್ಲಿ ಅದು ಸೇರುವುದಿಲ್ಲ. ಆ ರಿಯಾಯಿತಿ 2016ರ ನಿಯಮದಲ್ಲಿ ತಲೆಗೆ 50,000 ರೂಪಾಯಿ ಇತ್ತು. ಸರ್ಕಾರ ಇದನ್ನು ಬದಲಿಸುತ್ತಿರುತ್ತದೆ, ಅದಕ್ಕೆ ಟಿಕೆಟ್ ತೆಗೆದ ಮೇಲೆ ಕಸ್ಟಮ್ಸ್ ವೆಬ್‌ಸೈಟಿನಲ್ಲಿ ಆ ಹೊತ್ತಿನ ಮೊತ್ತ ನೋಡಿಕೊಳ್ಳಿ. ಹದಿನೆಂಟು ದಾಟಿದವರು ಒಂದು ಲ್ಯಾಪ್‌ಟಾಪ್ ಬೇರೆಯಾಗಿ ತರಬಹುದು. ಹೊಸ ಫೋನ್ ಕೊಂಡರೆ ಬಿಲ್ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಇಲ್ಲಿಂದ ದುಬಾರಿ ಕ್ಯಾಮೆರಾ ಒಯ್ಯುವವರು ಹೊರಡುವಾಗಲೇ ಕಸ್ಟಮ್ಸಿನವರ ಹತ್ತಿರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ವಾಪಸ್ ಬರುವಾಗ ಇದು ಹಳೆಯದೋ ಹೊಸದೋ ಎಂಬ ಜಗಳ ಇರುವುದಿಲ್ಲ.

ಮಗ ಫೋನ್ ಅಗ್ಗ ಅನ್ನುತ್ತಾನಲ್ಲ, ಇಲ್ಲಿಯ ಬೆಲೆಯ ಜೊತೆ ಒಮ್ಮೆ ಹೋಲಿಸಿ ನೋಡಲಿ. ಈಗ ಐಫೋನುಗಳು ಭಾರತದಲ್ಲೇ ತಯಾರಾಗುತ್ತವೆ, ಹಿಂದಿನಷ್ಟು ಅಂತರ ಇಲ್ಲ. ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತಲೂ ಕೇಳಿ. ಅಮೆರಿಕದಿಂದ ಫೋನ್ ತರಿಸುವವರಿಗೆ ಇನ್ನೊಂದು ಮಾತು: 2022ರ ಐಫೋನ್ 14ರಿಂದ ಅಲ್ಲಿ ಮಾರುವ ಐಫೋನಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲ ಇಸಿಮ್, ಅಂದರೆ ಫೋನಿನೊಳಗೇ ಕೂತಿರುವ ಸಿಮ್. ಇಲ್ಲಿ ಇಸಿಮ್ ಸಿಗುತ್ತದೆ, ಆದರೆ ನೆಟ್‌ವರ್ಕ್ ಬಾರದ ದಿನ ಸಿಮ್ ತೆಗೆದು ಪಕ್ಕದ ಫೋನಿಗೆ ಹಾಕುವ ನಮ್ಮ ಘಟ್ಟದ ಅಭ್ಯಾಸ ಇದೆಯಲ್ಲ, ಅದು ನಡೆಯುವುದಿಲ್ಲ.

ದುಬೈಗೆ ಇಳಿದ ಮೇಲೆ ವಾಟ್ಸಾಪ್ ಕಾಲ್ ಹೋಗದಿದ್ದರೆ ಫೋನ್ ಕೆಟ್ಟಿದೆ ಅಂತ ಗಾಬರಿ ಬೇಡ. ಅಲ್ಲಿ ಆ ಕಾಲ್‌ಗೆ ತಡೆ ಇದೆ, ಮೆಸೇಜ್ ಮಾತ್ರ ಹೋಗುತ್ತದೆ. ಭಟ್ಕಳದ ಯಾವ ಮನೆಯಲ್ಲಿ ಕೇಳಿದರೂ ಕಾಲ್ ಮಾಡಲು ಬೋಟಿಮ್ ಆ್ಯಪ್ ಹೇಗೆ ಹಾಕಿಕೊಳ್ಳುವುದು ಅಂತ ಹೇಳಿಕೊಡುತ್ತಾರೆ.

ಯಲ್ಲಾಪುರದಿಂದ: ಹೋಗುವಾಗ ಕೊಡಲು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತೊಡದೇವು, ಒಣಕೊಬ್ಬರಿ, ಗಸಗಸೆ, ಎಲೆ ಅಡಿಕೆ ಎಲ್ಲ ಕಟ್ಟಿಟ್ಟಿದ್ದೇವೆ. ತೊಂದರೆ ಇಲ್ಲವಲ್ಲ?

ಇದೆ. ಯಾವ ದೇಶಕ್ಕೆ ಅಂತ ನೀವು ಬರೆದಿಲ್ಲ, ಅದಕ್ಕೆ ಎರಡು ಮೂರು ದೇಶದ್ದು ಸೇರಿಸಿ ಹೇಳುತ್ತೇನೆ. ಮೊದಲು ಗಸಗಸೆ ಹೊರಗೆ ತೆಗೆಯಿರಿ. ನಮಗೆ ಅದು ಪಾಯಸದ ಸಾಮಾನು, ಯುಎಇ ಮತ್ತು ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಅಫೀಮಿನ ಗಿಡದ ಬೀಜ ಅಲ್ವಾ, ಅದಕ್ಕೆ. ಒಂದು ಮುಷ್ಟಿ ಮಸಾಲೆಗೆ ಜೈಲಿನ ಬಾಗಿಲು ನೋಡಬೇಕಾಗುತ್ತದೆ, ಇದರಲ್ಲಿ ತಮಾಷೆ ಇಲ್ಲ. ಮಸಾಲೆ ಪುಡಿ ಮನೆಯಲ್ಲಿ ಮಾಡಿದ್ದಾದರೆ ಅದರಲ್ಲಿ ಗಸಗಸೆ ಹುರಿದು ಹಾಕಿದ್ದೀರಾ ನೆನಪು ಮಾಡಿಕೊಳ್ಳಿ. ವೀಳ್ಯದೆಲೆ ಮತ್ತು ಪಾನ್ ಸಾಮಾನೂ ಯುಎಇಯಲ್ಲಿ ನಿಷೇಧ. ಹಾಗಾಗಿ ಕವಳದ ಚೀಲ ಊರಲ್ಲೇ ಬಿಟ್ಟು ಹೋಗಬೇಕು. ಯಜಮಾನರಿಗೆ ಇದನ್ನು ಹೇಗೆ ಹೇಳುವಿರೋ ಗೊತ್ತಿಲ್ಲ.

ಒಣಕೊಬ್ಬರಿಯೂ ಬೇಡ. ಎಣ್ಣೆಯ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಲಗೇಜಿನಲ್ಲಿ ಅದಕ್ಕೆ ಅವಕಾಶ ಇಲ್ಲ. ಹಡಗಿನಲ್ಲೂ ಕೊಬ್ಬರಿ ತುಂಬಿದರೆ ನಾವು ಅದರ ಬಿಸಿ ನೋಡುತ್ತಲೇ ಇರಬೇಕಿತ್ತು. ಅಮೆರಿಕಕ್ಕೆ ಹೋಗುವವರು ಹಸಿ ಕರಿಬೇವು, ಹಣ್ಣು ಇಡಲೇಬೇಡಿ, ಅಂಕೋಲೆಯ ಕರಿ ಈಶಾಡ ಮಾವಾದರೂ ಅಷ್ಟೇ. ಉಳಿದ ತಿಂಡಿಯನ್ನು ಫಾರಂನಲ್ಲಿ ಇದೆ ಅಂತಲೇ ಬರೆಯಿರಿ. ಇದೆ ಅಂದರೆ ಹೆಚ್ಚೆಂದರೆ ನೋಡಿ ಕಸಿದುಕೊಳ್ಳುತ್ತಾರೆ, ಇಲ್ಲ ಅಂದು ಸಿಕ್ಕಿಬಿದ್ದರೆ ದಂಡ.

ಉಪ್ಪಿನಕಾಯಿ, ಜೋನಿಬೆಲ್ಲ ಕೈಚೀಲಕ್ಕೆ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, ಎರಡು ಕವರಿನಲ್ಲಿ ಕಟ್ಟಿ, ಹಳೇ ಲುಂಗಿಯಲ್ಲಿ ಸುತ್ತಿಡಿ. ಡಬ್ಬಿ ಕಂಠಮಟ್ಟ ತುಂಬಬೇಡಿ. ಅಪ್ಪೆಮಿಡಿ ವಾಸನೆ ಸೀರೆಗೆ ಹಿಡಿದರೆ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ತೊಡದೇವು ಮಾತ್ರ ಕೈಯಲ್ಲೇ ಹಿಡಿದುಕೊಳ್ಳಿ, ಪೆಟ್ಟಿಗೆಗೆ ಹಾಕಿದರೆ ಪುಡಿ ತಿನ್ನಿಸಬೇಕಾಗುತ್ತದೆ.

ಕುಮಟಾದಿಂದ, ಕಾಲೇಜು ಹುಡುಗ: ನಾವು ಐದು ಜನ ಥಾಯ್ಲೆಂಡಿಗೆ ಹೊರಟಿದ್ದೇವೆ. ಪವರ್ ಬ್ಯಾಂಕ್ ಬ್ಯಾಗಿಗೆ ಹಾಕಬಹುದಾ? ಅಲ್ಲಿಂದ ಡ್ರೋನ್ ತರುವ ಆಸೆ ಇದೆ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಇರಬೇಕು ತಮ್ಮ, ಲಗೇಜಿಗೆ ಹಾಕಿದರೆ ಪೆಟ್ಟಿಗೆ ತೆರೆಸುತ್ತಾರೆ. ಮಿತಿ 100 ವ್ಯಾಟ್ ಅವರ್. 20,000 ಎಂಎಎಚ್ ಅಂದರೆ 74 ವ್ಯಾಟ್ ಅವರ್, ಧಾರಾಳ ನಡೆಯುತ್ತದೆ. ಅಂಕಿ ಅಳಿಸಿಹೋದ ಹಳೇ ಪವರ್ ಬ್ಯಾಂಕ್ ಬೇಡ, ಓದಲು ಬಾರದಿದ್ದರೆ ಕಸಿದುಕೊಳ್ಳುತ್ತಾರೆ. ಹಾರುವಾಗ ಅದರಿಂದ ಚಾರ್ಜ್ ಮಾಡಲು ಕೆಲವು ವಿಮಾನ ಕಂಪನಿಗಳು ಈಗ ಬಿಡುವುದಿಲ್ಲ. ಡ್ರೋನ್ ಆಸೆ ಬಿಡು, 2022ರಿಂದ ಹೊರಗಿನ ಡ್ರೋನ್ ತರುವುದಕ್ಕೆ ನಿಷೇಧ ಇದೆ. ವೇಪ್, ಅಂದರೆ ಇ-ಸಿಗರೇಟು, ಅಲ್ಲೂ ಇಲ್ಲೂ ನಿಷೇಧ, ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರೂ ಮುಟ್ಟಬೇಡ. ಬುದ್ಧನ ಮೂರ್ತಿ ಕೊಳ್ಳುವುದಾದರೆ ಅಲ್ಲಿಯ ಲಲಿತಕಲಾ ಇಲಾಖೆಯ ಪರವಾನಗಿ ಬೇಕು, ಅಂಗಡಿಯವನು ಏನೂ ಬೇಡ ಅಂದರೆ ನಂಬಬೇಡ. ನಿಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿ ಸಲೀಸಾಗಿ ಕೂರುತ್ತದೆ.

ಹೊನ್ನಾವರದಿಂದ ದಂಪತಿ: ಸಿಂಗಪುರಕ್ಕೆ ಐದು ದಿನ. ಮನೆಮಂದಿ, ನೆಂಟರು, ಬ್ಯಾಂಕಿನ ಸಹೋದ್ಯೋಗಿಗಳು, ಎಲ್ಲ ಸೇರಿ ಮೂವತ್ತು ಜನರಿಗೆ ಏನಾದರೂ ತರಬೇಕು. ಏನು ತರೋಣ?

ಮೂವತ್ತು ಜನರಾ! ನಾನು ಮೊದಲ ಪ್ರವಾಸದಲ್ಲಿ ಅದನ್ನೇ ಮಾಡಿದ್ದೆ. ಸಿಂಹದ ತಲೆ, ಮೀನಿನ ಮೈ ಇರುವ ಮರ್ಲಯನ್ ಫ್ರಿಡ್ಜ್ ಮ್ಯಾಗ್ನೆಟ್ ಎರಡು ಡಜನ್ ಕೊಂಡೆ. ಊರಿಗೆ ಬಂದು ಹಂಚುವಾಗ ಅಣ್ಣನ ಮಗ ಹಿಂದೆ ತಿರುಗಿಸಿ, ಕಾಕಾ, ಚೀನಾಕ್ಕೂ ಹೋಗಿದ್ಯಾ ಅಂತ ಕೇಳಿದ. ಅಲ್ಲಿ ಮೇಡ್ ಇನ್ ಚೈನಾ ಅಂತ ಇತ್ತು. ಅಂಥದ್ದು ನಮ್ಮ ಕಡೆ ಜಾತ್ರೆ ಪೇಟೆಯಲ್ಲೂ ಸಿಗುತ್ತದೆ.

ಸಿಂಗಪುರದಿಂದ ನಮ್ಮ ಕರಾವಳಿಯ ಮನೆಗಳಿಗೆ ಬೇಕಾದದ್ದು ಒಂದೇ, ಕೊಡಲಿ ಗುರುತಿನ ಎಣ್ಣೆ. ಅಜ್ಜಿಯರ ತಲೆನೋವು, ಬಸ್ಸಿನಲ್ಲಿ ವಾಂತಿ, ಎಲ್ಲಕ್ಕೂ ಅದೇ. 1928ರಿಂದ ಇರುವ ಕಂಪನಿ, ಸಿಂಗಪುರದ್ದೇ. ಚಿಕ್ಕ ಶೀಶೆಗಳು, ಮೂವತ್ತು ಜನರಿಗೂ ಆಗುತ್ತದೆ, ಪೆಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ. ಮಕ್ಕಳಿಗೆ ಅಲ್ಲಿಯ ಅಂಚೆಚೀಟಿ, ಚಿಲ್ಲರೆ ನಾಣ್ಯ ಕೊಡಿ. ಹಾಗೇ ಇಲ್ಲಿಂದ ಹೋಗುವಾಗ ಚೂಯಿಂಗ್ ಗಮ್ ಜೇಬಲ್ಲಿ ಇರದಿರಲಿ, 1992ರಿಂದ ಅದನ್ನು ಒಳಗೆ ತರಲು ಬಿಡುವುದಿಲ್ಲ.

ದೊಡ್ಡ ಖರೀದಿ ಏನಾದರೂ ಇದ್ದರೆ ಅಲ್ಲಿಯ 9 ಪರ್ಸೆಂಟ್ ತೆರಿಗೆ ವಾಪಸ್ ಕೇಳಬಹುದು, ಕನಿಷ್ಠ 100 ಸಿಂಗಪುರ ಡಾಲರಿನ ಖರೀದಿ ಇರಬೇಕು. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಹೇಳಿ. ಆ ಸಾಮಾನು ಪೆಟ್ಟಿಗೆಯಲ್ಲಿದ್ದರೆ ಲಗೇಜ್ ಕೊಡುವ ಮೊದಲೇ ಏರ್‌ಪೋರ್ಟಿನ ತೆರಿಗೆ ಯಂತ್ರದ ಹತ್ತಿರ ಹೋಗಬೇಕು. ಕಾರ್ಡ್ ಉಜ್ಜುವಾಗ ಮೆಷಿನ್ ರೂಪಾಯಿಯಲ್ಲಾ ಡಾಲರಿನಲ್ಲಾ ಅಂತ ಕೇಳುತ್ತದೆ. ರೂಪಾಯಿ ನೋಡಿ ಖುಷಿಯಾಗಿ ಅದನ್ನೇ ಒತ್ತುತ್ತೇವೆ, ಅಲ್ಲೇ ಎಡವುವುದು. ಅವರು ಹಾಕುವ ರೂಪಾಯಿ ದರ ಸಾಮಾನ್ಯವಾಗಿ ದುಬಾರಿ. ಡಾಲರ್ ಒತ್ತಿ.

ಕಾರ್ಡಿನಲ್ಲಿ ವಿದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ. ಬ್ಯಾಂಕಿನವರಿಗೆ ನಾನು ಇದನ್ನು ಹೇಳುವುದು ತುಸು ಅತಿಯಾಯಿತು, ಗೊತ್ತು. ಆದರೆ ಊರಿನ ಸಿಮ್ ತೆಗೆದು ಅಲ್ಲಿಯ ಸಿಮ್ ಹಾಕಿ ಒಟಿಪಿ ಬರಲಿಲ್ಲ ಅಂತ ಹೋಟೆಲ್ ಕೌಂಟರಿನಲ್ಲಿ ಅರ್ಧ ಗಂಟೆ ನಿಂತವನೂ ನಾನೇ. ಊರಿನ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗಿನ ಡೇಟಾ ಮಾತ್ರ ಆಫ್ ಮಾಡಿ, ಇಂಟರ್ನೆಟ್ಟಿಗೆ ಅಲ್ಲಿಯ ಇಸಿಮ್ ಹಾಕಿಕೊಳ್ಳಿ. ತೆಗೆಯಲೇಬೇಕಾದರೆ ಆ ಚೂರನ್ನು ಪಾಸ್‌ಪೋರ್ಟಿನ ಹಿಂದಿನ ಪುಟಕ್ಕೆ ಟೇಪ್ ಹಚ್ಚಬೇಡಿ, ಪರ್ಸಿನ ಚಿಕ್ಕ ಜಿಪ್ಪಿಗೆ ಹಾಕಿ. ನನ್ನದು ಟೇಪಿನ ಜೊತೆಗೇ ಎಲ್ಲೋ ಉದುರಿತು.